ಗುಂಡಿ ಅತ್ತಿಗೆಯ ಬಡ್ತಿ

ಮನೆಬಾಗಿಲಿಗೆ ಬಂದ ಬಡ್ತಿಯನ್ನು ಮೂರು ಸಲ ಹೊಡೆದೋಡಿಸಿದ ವೀರಾಗ್ರಣಿ ಯಾರಾದರೂ ಇದ್ದರೆ ಅದು ಕೋಟು ಕಾರ್ಖಾನೆಯ ಗುಂಡಿ ಅತ್ತಿಗೆ. ಪಕ್ಕದ ಸ್ಟೂಲಿನಲ್ಲಿ ಕೂತು ಹೊಲಿಯುವ ನಾದಿನಿ ‘ಅತ್ತಿಗೆ, ಅತ್ತಿಗೆ’ ಎಂದು ಕರೆದು ಕರೆದು, ಆಕೆ ಇಡೀ ಕಾರ್ಖಾನೆಗೇ ಅತ್ತಿಗೆಯಾಗಿಬಿಟ್ಟಿದ್ದಳು.

ಕೋಟು ಚಿಂದಿಯಾದರೂ ಅವಳು ಕೂರಿಸಿದ ಗುಂಡಿ ಜಪ್ಪಯ್ಯ ಎಂದರೂ ಕಿತ್ತು ಬರುತ್ತಿರಲಿಲ್ಲ. ಇಂಥ ಕೈಗೆ ಮೇಲ್ವಿಚಾರಕಿಯ ಕೆಲಸ ಎಂದೋ ಸಿಗಬೇಕಿತ್ತು. ಆದರೆ ಹಾಸಿಗೆ ಹಿಡಿದ ಗಂಡ, ಅತ್ತೆ, ಇಬ್ಬರು ಮಕ್ಕಳು ಒಂದೇ ಕೋಣೆಯಲ್ಲಿದ್ದ ಆ ಮನೆಯ ಒಲೆ ಉರಿಯುತ್ತಿದ್ದುದು ಸರ್ಕಾರದ ರೇಷನ್ನಿನಿಂದ. ಸಂಬಳ ಒಂದು ಮೆಟ್ಟಿಲು ಏರಿದರೆ ಆದಾಯದ ಮಿತಿ ದಾಟಿ ಕಾರ್ಡು ರದ್ದು. ಹೆಚ್ಚಿಗೆ ಬಂದದ್ದು ಆ ಅಕ್ಕಿ, ಎಣ್ಣೆಗೂ ಸಾಲದು.

ಬಡ್ತಿ ಬೇಡವೆಂದರೆ ಸೊಕ್ಕು ಎನ್ನುತ್ತಾರೆ. ಆದ್ದರಿಂದ ಅತ್ತಿಗೆ ಯುದ್ಧತಂತ್ರ ಹೂಡಿದಳು. ದಿನದ ಕೋಟುಗಳಿಗೆ ಸೀಮೆಸುಣ್ಣದ ಗುರುತಿರುತ್ತದೆ; ಬಡ್ತಿಯ ಪರೀಕ್ಷೆಯ ಕೋಟಿಗೆ ಇರುವುದಿಲ್ಲ, ಕಣ್ಣಳತೆಯಲ್ಲೇ ಗುಂಡಿ ಕೂರಿಸಬೇಕು. ಪ್ರತಿ ಪರೀಕ್ಷೆಯಲ್ಲೂ ಅವಳು ಮೂರನೆಯ ಗುಂಡಿಯನ್ನು ನೂಲಿನಷ್ಟು ವಾರೆ ಮಾಡುತ್ತಿದ್ದಳು. ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಕೆಡಿಸಿದವರು ಮತ್ತೊಬ್ಬರಿಲ್ಲ. ಮ್ಯಾನೇಜರು ಹಣೆ ಚಚ್ಚಿಕೊಂಡು ಹೋದರೆ, ನಾದಿನಿ ಕೋಟಿನೊಳಗೆ ಮುಖ ಹುದುಗಿಸಿ ನಗುತ್ತಿದ್ದಳು.

ಮೊನ್ನೆ ಸರ್ಕಾರ ಆ ಮಿತಿಯನ್ನೇ ಏರಿಸಿತು. ಇನ್ನು ಸಂಬಳ ಹೆಚ್ಚಿದರೂ ಕಾರ್ಡು ಉಳಿಯುತ್ತದೆ. ಅತ್ತಿಗೆ ಅಂದೇ ಎರಡು ಕೋಣೆಯ ಮನೆಯೊಂದನ್ನು ನೋಡಿ, ಗಂಡನ ಮಂಚ ಯಾವ ಕಿಟಕಿಯ ಬಳಿ ಎಂಬುದನ್ನೂ ತೀರ್ಮಾನಿಸಿ, ತಾನೇ ಹೋಗಿ ಪರೀಕ್ಷೆ ಕೇಳಿದಳು. ಜೀವಮಾನದಲ್ಲಿ ಮೊದಲ ಸಲ ಮ್ಯಾನೇಜರ ಎದುರು ನೆಟ್ಟಗೆ ಹೊಲಿದು, ಗೆದ್ದ ಬಾವುಟದಂತೆ ಕೋಟನ್ನು ಎತ್ತಿ ಹಿಡಿದಳು.

ಮ್ಯಾನೇಜರು ನೋಡಿದರು. “ಮತ್ತೆ ಅದೇ ಕಥೆ ಅಲ್ವೇನಮ್ಮ?” ಎಂದು ನಿಟ್ಟುಸಿರಿಟ್ಟು, ಕೆಲಸವನ್ನು ಆಚೆ ಸಾಲಿನವಳಿಗೆ ಕೊಟ್ಟು ಹೋದರು.

ನಾದಿನಿಗೆ ಮೈಯೆಲ್ಲ ಉರಿದುಹೋಯಿತು. “ಅಲ್ಲ ಅತ್ತಿಗೆ, ಇವತ್ತೂ ಯಾಕೆ ವಾರೆ ಹೊಲಿದ್ರಿ? ಇವತ್ತು ಬೇಡವಾಗಿತ್ತಲ್ಲ.”

ಅತ್ತಿಗೆ ಕೋಟನ್ನು ಬೆಳಕಿಗೆ ಹಿಡಿದಳು. ಅವಳ ಕಣ್ಣಿಗೆ ನಾಲ್ಕು ಗುಂಡಿಗಳೂ ಸಿಪಾಯಿಗಳಂತೆ ನೆಟ್ಟಗೆ ನಿಂತಿದ್ದವು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಸವರಿದಳು. ಬೆರಳು ಎರಡನೆಯದರ ಬಳಿ ಸಾಲು ತಪ್ಪಿತು, ನಾಲ್ಕನೆಯದರ ಬಳಿಯೂ ತಪ್ಪಿತು.

“ಹಳೇ ಚಾಳಿ ಕಣೇ, ಕೈ ಮಾತು ಕೇಳ್ಲಿಲ್ಲ,” ಎಂದಳು.

ಕೋಟು ಮಡಿಸಿಟ್ಟು ಮುಂದಿನದನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಸೂಜಿಯನ್ನು ನಾದಿನಿಯತ್ತ ಚಾಚಿ, ದಾರ ಪೋಣಿಸಿಕೊಡಲು ಹೇಳಿದಳು. ನಾದಿನಿ ಪೋಣಿಸಿಕೊಟ್ಟಳು. ಇನ್ನೂ ನಾಲ್ಕು ಸೂಜಿಗೆ ದಾರ ಪೋಣಿಸಿ ಅತ್ತಿಗೆಯ ಕೈಗೆ ಸಿಗುವಂತೆ ಇಟ್ಟಳು.