ಅವ್ವನ ಕೈಗುಣ ಮತ್ತು ಹೆಚ್ಚಿಗೆ ಬಂದ ಸೊನ್ನೆ

ಲಕ್ಷ್ಮೀಪೂಜೆಯ ಸಂಜೆ ನಮ್ಮ ಅವ್ವ ಆರತಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಾನೇ ಮಾಡುತ್ತಿದ್ದಳು. ಹೂರಣ ರುಬ್ಬುವುದು, ಬಾಗಿಲಿಗೆ ರಂಗೋಲಿ ಹಾಕುವುದು, ತಂಬಿಗೆಗೆ ಖಣ ಉಡಿಸಿ ದೇವಿಯನ್ನು ಕೂರಿಸುವುದು ಎಲ್ಲ ಅವಳದೇ. ದೀಪ ಬೆಳಗುವ ಹೊತ್ತಿಗೆ ಮಾತ್ರ ಹಿಂದೆ ಸರಿದು, “ನೀ ಬೆಳಗವಾ, ನನ್ನ ಕೈಗುಣ ಚಲೋ ಇಲ್ಲ” ಎಂದು ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಮದುವೆಯಾಗಿ ಸಾಂತಾಕ್ರೂಜ್‌ಗೆ ಬಂದ ಮೇಲೂ ಆ ಒಂದು ಆರತಿಗಾಗಿ ನಾನು ಪ್ರತಿ ದೀಪಾವಳಿಗೆ ಕುರ್ಲಾದ ತವರಿಗೆ ಓಡುತ್ತಿದ್ದೆ. ಹೋಗುವಾಗಲೆಲ್ಲ ನನಗೆ ಸಿಟ್ಟು. ಅವ್ವನ ಮೇಲಲ್ಲ, ಅಪ್ಪನ ಮೇಲೆ. ಆ ಮಾತನ್ನು ಅವಳ ತಲೆಯಲ್ಲಿ ಕೂರಿಸಿದವನು ಅವನೇ.

ಅಪ್ಪ ವಿಜಯಪುರದಿಂದ ಬಂದವನು. ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯಲ್ಲಿ ಥಾನು, ಅಂದರೆ ಇಡೀ ಬಟ್ಟೆಯ ಸುರುಳಿ, ಬಿಚ್ಚಿ ಮೀಟರು ಹಿಡಿದು ಅಳೆಯುತ್ತಲೇ ಆಯುಷ್ಯ ಕಳೆದ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಬ್ಬ ಷೇರು ಏಜೆಂಟನ ಆಫೀಸಿತ್ತು. ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ಕೂತು ಕೂತು ಆ ಗಾಳಿ ಅಪ್ಪನಿಗೂ ತಗುಲಿತು. ಕಬ್ಬಿಣದ ಪೈಪು ಮಾಡುವ ಒಂದು ಕಂಪನಿಯ ಷೇರನ್ನು ಪ್ರತಿ ದೀಪಾವಳಿಗೆ ಕೈಲಾದಷ್ಟು ಕೊಳ್ಳುತ್ತ ಬಂದ. ಲಕ್ಷ್ಮೀಪೂಜೆಯ ದಿನ ಷೇರುಪೇಟೆಗೆ ರಜೆ. ಆದರೂ ಒಂದು ತಾಸು ಮಾತ್ರ ಬಾಗಿಲು ತೆರೆಯುತ್ತದೆ, ಅದಕ್ಕೆ ಮುಹೂರ್ತದ ವ್ಯಾಪಾರ ಎನ್ನುತ್ತಾರೆ. ಆ ತಾಸಿನಲ್ಲಿ ಮುಂಬಯಿಯ ಶಾಸ್ತ್ರ ಏನೆಂದರೆ ಒಂದೇ ಒಂದು ಷೇರಾದರೂ ಕೊಳ್ಳಬೇಕು, ಮಾರಕೂಡದು. ಮಾರಿದರೆ ಮನೆಗೆ ಬಂದ ಲಕ್ಷ್ಮಿಯನ್ನು ಕೈಯಾರೆ ಹೊಸ್ತಿಲು ದಾಟಿಸಿದ ಹಾಗೆ.

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ಅಪ್ಪ ಅದನ್ನೇ ಮಾಡಿದ. ಆಗ ನಾವು ಕುರ್ಲಾದ ಚಾಳಿನಲ್ಲಿದ್ದೆವು. ಇಡೀ ಚಾಳಿಗೆ ನೀರಿನ ನಳ ಒಂದೇ, ಬೆಳಕು ಹರಿಯುವ ಮೊದಲೇ ಅಲ್ಲಿ ಕೊಡಗಳ ಯುದ್ಧ. ಎದುರಿನ ಬಿಲ್ಡಿಂಗಿನಲ್ಲಿ ಒಳಗೇ ನಳವಿದ್ದ ಒಂದು ರೂಮು ಮಾರಾಟಕ್ಕೆ ಬಂತು. ಪಾಡ್ಯದೊಳಗೆ ಬಾಕಿ ಹಣ ಬರದಿದ್ದರೆ ಬೇರೆಯವರಿಗೆ ಎಂದು ಮಾಲೀಕ ಖಡಾಖಂಡಿತವಾಗಿ ಹೇಳಿದ. ಅವ್ವ ಹಟ ಹಿಡಿದಳು, ಅಪ್ಪ ಮುಹೂರ್ತದ ತಾಸಿನಲ್ಲೇ ಷೇರುಗಳನ್ನೆಲ್ಲ ಮಾರಿ, ಏಜೆಂಟನಿಂದ ಹಣವನ್ನು ಅಂದೇ ಮುಂಗಡವಾಗಿ ಪಡೆದು ಬಂದ. ರೂಮು ಸಿಕ್ಕಿತು. ಅದರ ಜೊತೆಗೆ ಪ್ರತಿ ದೀಪಾವಳಿಗೂ ಕೇಳಬೇಕಾದ ಒಂದು ಕಥೆಯೂ ಸಿಕ್ಕಿತು. ಲಕ್ಷ್ಮಿಯನ್ನು ಹೊರಹಾಕಿದ ಸಂಕಟಕ್ಕೆ ಅಪ್ಪ ವರ್ಷಗಟ್ಟಲೆ ಆ ಷೇರಿನ ಬೆಲೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ, ಮುಂದೆ ಎಂದೋ ಟಿವಿಯಲ್ಲಿ ಅದು ಕಣ್ಣಿಗೆ ಬಿದ್ದ ಮೇಲೆ ಕಥೆಗೆ ಅಂಕಿಗಳೂ ಸೇರಿದವು.

“ಇಕಿ ಮಾತ ಕೇಳಿ ಹಬ್ಬದ ದಿನಾ ಲಕ್ಷ್ಮೀನ ಹೊರಗ ಹಾಕಿದೆ ನಾ,” ಎಂದು ಟಿವಿಯ ಮುಂದೆ ಕೂತು ಅಪ್ಪ ಶುರು ಮಾಡುತ್ತಿದ್ದ. “ಇನ್ನೂರಾ ಹನ್ನೆರಡಕ್ಕ ಒಂದರಂಗ ಕೊಟ್ಟೆ. ಈಗ ನೋಡ್ರಿ, ಆರನೂರಾ ನಲವತ್ತು.” ವರ್ಷ ವರ್ಷ ಆರುನೂರ ನಲವತ್ತು ಇದ್ದ ಜಾಗದಲ್ಲಿ ಬೇರೆ ಬೇರೆ ಅಂಕಿ ಬರುತ್ತಿತ್ತು. ಇನ್ನೂರ ಹನ್ನೆರಡು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ ಇತ್ತು. ಮಾತಿನ ಮಲ್ಲಿ ಎಂದು ಬಿಲ್ಡಿಂಗಿನಲ್ಲೆಲ್ಲ ಹೆಸರಾದ ಅವ್ವ ಆ ಒಂದು ಕಥೆಗೆ ಮಾತ್ರ ಬಾಯಿ ಕಟ್ಟಿ ಕೂರುತ್ತಿದ್ದಳು.

ಇತ್ತೀಚೆಗೆ ನನಗೂ ಷೇರಿನ ಹುಚ್ಚು ಹತ್ತಿದೆ. ತಂದೆಯ ಗುಣ ಎಂದು ಗಂಡ ಚುಡಾಯಿಸುತ್ತಾನೆ, ಚುಡಾಯಿಸಲಿ. ಕೊಳ್ಳುವುದಕ್ಕಿಂತ ನನಗೆ ಹಳೆಯ ಬೆಲೆಗಳನ್ನು ಓದುವುದೇ ಖುಷಿ. ಯಾವ ಕಂಪನಿಯದಾದರೂ ಹಿಂದಿನ ವರ್ಷಗಳ ಕೋಷ್ಟಕ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಪೇಟೆ ನಡೆದ ದಿನಕ್ಕೊಂದು ಸಾಲು: ಬೆಳಗ್ಗೆ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು, ಎಷ್ಟಕ್ಕೆ ಮುಗಿಯಿತು, ಒಟ್ಟು ಎಷ್ಟು ಷೇರು ಕೈ ಬದಲಾಯಿಸಿತು. ಅಷ್ಟೇ. ಆದರೆ ಕಣ್ಣು ಪಳಗಿದರೆ ಆ ಒಣ ಅಂಕಿಗಳಲ್ಲಿ ಊರಿನ ಭಯವೂ ಆಸೆಯೂ ಕಾಣುತ್ತವೆ. ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದುತ್ತ ನಾನು ಎಷ್ಟೋ ಸಲ ನನ್ನ ಸ್ಟೇಷನ್ ತಪ್ಪಿಸಿಕೊಂಡಿದ್ದೇನೆ.

ಹೀಗಿರುವಾಗ ಹೋದ ವರ್ಷ ಲಕ್ಷ್ಮೀಪೂಜೆಯ ಬೆಳಗ್ಗೆ ಚಕ್ಕುಲಿ ಡಬ್ಬಿಗೆ ತುಂಬುತ್ತಿದ್ದಾಗ ತಟ್ಟನೆ ಹೊಳೆಯಿತು. ಊರ ಷೇರಿನ ಜಾತಕವನ್ನೆಲ್ಲ ಓದುತ್ತೇನೆ, ಮನೆ ಮುರಿದ ಷೇರಿನದನ್ನು ಒಮ್ಮೆಯೂ ನೋಡಿಲ್ಲವಲ್ಲ! ಚಕ್ಕುಲಿಯನ್ನು ಅಲ್ಲಿಗೇ ಬಿಟ್ಟು ಲ್ಯಾಪ್‌ಟಾಪ್ ತೆರೆದೆ. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷದ ದೀಪಾವಳಿ ಹುಡುಕಿದೆ. ಸಾಲು ಸಿಕ್ಕಿತು. ಅಕ್ಕಪಕ್ಕದ ಸಾಲುಗಳಲ್ಲಿ ಲಕ್ಷಗಟ್ಟಲೆ ಷೇರು ಓಡಾಡಿದ್ದರೆ ಇದರಲ್ಲಿ ಕೆಲವೇ ಸಾವಿರ. ಒಂದು ತಾಸಿನ ವ್ಯಾಪಾರ ಅಂದರೆ ಇದೇ ಇರಬೇಕು ಎಂದು ಆ ಸಾಲಿನ ಮೇಲೆ ಬೆರಳಿಟ್ಟೆ. ಆ ಕೆಲವು ಸಾವಿರದಲ್ಲಿ ನಮ್ಮಪ್ಪನದೂ ಸೇರಿತ್ತು.

ಆದರೆ ಬೆಲೆ ಇನ್ನೂರ ಹನ್ನೆರಡರ ಆಸುಪಾಸಿನಲ್ಲಿ ಇರಲಿಲ್ಲ. ಎರಡು ಸಾವಿರದ ನೂರ ಹದಿನೆಂಟು ಎಂದಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಅಪ್ಪ ಇಷ್ಟು ವರ್ಷ ಸುಳ್ಳು ಹೇಳಿದನೇ? ಸುಳ್ಳು ಹೇಳುವವರು ಬೆಲೆಯನ್ನು ಏರಿಸುತ್ತಾರೆ, ಹತ್ತರಲ್ಲಿ ಒಂದು ಮಾಡಿ ಇಳಿಸುವ ಬಡಾಯಿಕೋರರನ್ನು ನಾನು ಕಂಡಿಲ್ಲ. ಕೋಷ್ಟಕವೇ ತಪ್ಪಿರಬೇಕೆಂದು ಇನ್ನೊಂದು ಜಾಲತಾಣ ತೆರೆದೆ. ಅಲ್ಲಿ ಅದೇ ದಿನಕ್ಕೆ ಇನ್ನೂರ ಹನ್ನೊಂದು ರೂಪಾಯಿ ಎಂಬತ್ತು ಪೈಸೆ ಇತ್ತು. ಒಂದೇ ಕಂಪನಿ, ಒಂದೇ ದಿನ, ಬೆಲೆ ಎರಡು!

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನ ದಿನ ಮುಂದೆ ಬಂದೆ. ಎಲ್ಲ ಕಡೆ ಹತ್ತು ಪಟ್ಟಿನ ಅಂತರ. ಅಪ್ಪ ಮಾರಿದ ಮೇಲೆ ಎರಡರಲ್ಲೂ ಬೆಲೆ ಇಳಿಯುತ್ತ ಇಳಿಯುತ್ತ ಹೋಯಿತು. ವರ್ಷಗಳು ಕಳೆದವು. ಎರಡನೆಯ ಕೋಷ್ಟಕದಲ್ಲಿ ಒಂದು ದಿನ ಮೂವತ್ತೊಂದು ರೂಪಾಯಿ ಇದ್ದದ್ದು ಮರುದಿನ ಮುನ್ನೂರ ಹನ್ನೆರಡಾಗಿತ್ತು. ಒಂದೇ ರಾತ್ರಿಯಲ್ಲಿ ಹತ್ತು ಪಟ್ಟು. ಅಲ್ಲಿಂದ ಈಚೆಗೆ ಎರಡೂ ಕೋಷ್ಟಕಗಳು ಕೈ ಹಿಡಿದುಕೊಂಡು ನಡೆದಿದ್ದವು. ಆ ದಿನದ ಕಂಪನಿಯ ಪ್ರಕಟಣೆ ಹುಡುಕಿ ತೆಗೆದೆ: ಒಂದು ರೂಪಾಯಿ ಮುಖಬೆಲೆಯ ಹತ್ತು ಷೇರುಗಳನ್ನು ಕೂಡಿಸಿ ಹತ್ತು ರೂಪಾಯಿ ಮುಖಬೆಲೆಯ ಒಂದೇ ಷೇರು ಮಾಡಲಾಗಿದೆ.

ನಾನು ಕಿರುಚಿರಬೇಕು. ಒಳಗಿನಿಂದ ಮಗಳು, “ಮಮ್ಮಿ, ಕ್ಯಾ ಹುವಾ? ಲಾಟರಿ ಲಗೀ ಕ್ಯಾ?” ಎಂದಳು. ಲಾಟರಿಗಿಂತ ದೊಡ್ಡದೇ ಹತ್ತಿತ್ತು. ಮೊದಲ ಕೋಷ್ಟಕ ಹಳೆಯ ಬೆಲೆಗಳನ್ನು ಇಂದಿನ ಷೇರಿನ ಅಳತೆಗೆ ಹೊಂದಿಸಿ ತೋರಿಸುತ್ತಿತ್ತು, ಎರಡನೆಯದು ಅಂದಿನ ಬೆಲೆಯನ್ನು ಅಂದಿನಂತೆಯೇ ಇಟ್ಟಿತ್ತು. ಅಪ್ಪ ಷೇರನ್ನೆಲ್ಲ ಮಾರಿಬಿಟ್ಟಿದ್ದರಿಂದ ಹತ್ತನ್ನು ಒಂದು ಮಾಡಿದ ಸುದ್ದಿಯ ಕಾಗದ ಅವನಿಗೆ ಬರಲೇ ಇಲ್ಲ. ತನ್ನ ಹಳೆಯ ಸಣ್ಣ ಷೇರಿನ ಬೆಲೆಯ ಪಕ್ಕ ಇಂದಿನ ದೊಡ್ಡ ಷೇರಿನ ಬೆಲೆ ಇಟ್ಟು ಎದೆ ಬಡಿದುಕೊಂಡದ್ದೇ ಬಂತು. ಅಂದು ಹತ್ತು ಷೇರಿಗೆ ಅವನಿಗೆ ಸಿಕ್ಕದ್ದು ಎರಡು ಸಾವಿರದ ನೂರಿಪ್ಪತ್ತು. ಇಟ್ಟುಕೊಂಡಿದ್ದರೆ ಆ ಹತ್ತೂ ಸೇರಿ ಇಂದು ಒಂದಾಗಿ ಆರುನೂರ ನಲವತ್ತು. ಲಾಭದ ಪಾಲೇನಾದರೂ ಕೈತಪ್ಪಿತೇ ಎಂದು ಡಿವಿಡೆಂಡ್ ಹುಡುಕಿದೆ, ಕಂಪನಿ ಕೊಟ್ಟದ್ದು ಕೈಗೆ ಹತ್ತುವಂಥದ್ದಲ್ಲ. ಅವ್ವ ಶಿಖರದ ಮೇಲೆ ನಿಂತು ಮಾರಿಸಿದಳು ಎಂದು ನಾನು ಹೇಳುವುದಿಲ್ಲ, ಆ ದೀಪಾವಳಿಗೆ ತುಸು ಮೊದಲು ಬೆಲೆ ಇನ್ನೂ ಸ್ವಲ್ಪ ಮೇಲಿತ್ತು. ಆದರೆ ಆಮೇಲೆ ಇವತ್ತಿನವರೆಗೆ ಅದು ಅಷ್ಟಕ್ಕೆ ಮತ್ತೆ ಮುಟ್ಟಿಯೇ ಇರಲಿಲ್ಲ.

ದಾದರ್‌ನಲ್ಲಿ ಗಾಡಿ ಬದಲಿಸಿ ಕುರ್ಲಾ ಮುಟ್ಟುವವರೆಗೂ ನನಗೆ ಕೂರಲಾಗಲಿಲ್ಲ. ಒಂದು ಕೈಯಲ್ಲಿ ಚಕ್ಕುಲಿಯ ಡಬ್ಬಿ, ಎದೆಗವಚಿದ ಲ್ಯಾಪ್‌ಟಾಪ್, ಹಬ್ಬದ ನೂಕುನುಗ್ಗಲು. ಪಕ್ಕದಲ್ಲಿದ್ದ ಮರಾಠಿ ಹೆಂಗಸು ನನ್ನ ಮುಖ ನೋಡಿ ನಕ್ಕಳು, ನಾನೂ ನಕ್ಕೆ. ಅವ್ವನ ಕೈಗುಣ ಚೆನ್ನಾಗಿದೆ ಎಂದು ಇಡೀ ರೈಲುಡಬ್ಬಿಗೆ ಕೂಗಿ ಹೇಳಬೇಕೆನಿಸುತ್ತಿತ್ತು.

ಹೋದಾಗ ದೇವಿ ಕೂತಾಗಿತ್ತು. ಅಪ್ಪ ಟಿವಿಯ ಮುಂದೆ ಮುಹೂರ್ತದ ತಾಸಿಗೆ ಕಾಯುತ್ತ, ಗಂಟಲು ಸರಿಮಾಡಿಕೊಂಡು ಕಥೆಗೆ ಸಜ್ಜಾಗುತ್ತಿದ್ದ. ಚಪ್ಪಲಿ ಬಿಟ್ಟವಳೇ ಟಿವಿಗೆ ಅಡ್ಡ ಕೂತು ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

“ಅಪ್ಪಾ, ಈ ಸಾಲು ನೋಡ. ನೀ ಮಾರಿದ ದಿನದ್ದು.”

ಅವನು ಕನ್ನಡಕ ಏರಿಸಿ ನೋಡಿದ. “ಎರಡ ಸಾವಿರ? ತಪ್ಪೈತಿ. ಇನ್ನೂರಾ ಹನ್ನೆರಡಕ್ಕ ಕೊಟ್ಟೀನಿ ನಾ.”

“ನಿಂದೂ ತಪ್ಪಲ್ಲ, ಇದೂ ತಪ್ಪಲ್ಲ,” ಎಂದು ಆ ಮೂವತ್ತೊಂದು ಮುನ್ನೂರಾದ ಜಾಗವನ್ನೂ ಕಂಪನಿಯ ಪ್ರಕಟಣೆಯನ್ನೂ ತೋರಿಸಿದೆ. ಉದ್ವೇಗದಲ್ಲಿ ಏನು ಹೇಳಿದೆನೋ, ಎಷ್ಟು ಸಲ ಹೇಳಿದೆನೋ ನೆನಪಿಲ್ಲ. ಅಪ್ಪ ಬೆರಳು ಮಡಚಿದ, ಬಿಚ್ಚಿದ. ಟಿವಿಯಲ್ಲಿ ಮುಹೂರ್ತದ ಗಂಟೆ ಬಾರಿಸಿದರು, ಅವನು ಆ ಕಡೆ ತಿರುಗಲಿಲ್ಲ.

“ಅಂದ್ರ,” ಎಂದ ಕೊನೆಗೆ ಸಣ್ಣ ದನಿಯಲ್ಲಿ, “ಮೀಟರಿನ ದರದ ಮುಂದ ಇಡೀ ಥಾನಿನ ದರಾ ಇಟ್ಟು ನೋಡಕೋತ ಕುಂತೀನೇನು ನಾ ಇಷ್ಟ ವರ್ಷಾ?”

ಬಟ್ಟೆ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಪ್ಪ ಎದ್ದು ದೇವರ ಮುಂದಿನ ಆರತಿ ತಟ್ಟೆಯನ್ನು ತಾನೇ ತಂದು ಅಡಿಗೆಕಟ್ಟೆಯ ಹತ್ತಿರ ನಿಂತಿದ್ದ ಅವ್ವನ ಮುಂದೆ ಹಿಡಿದ. “ಈ ಸಲ ನೀ ಬೆಳಗು,” ಎಂದ. “ಕಂಪ್ಯೂಟರ್‌ನ್ಯಾಗ ಬಂದೈತಿ. ನಿನ್ನ ಕೈಗುಣ ಚಲೋ ಐತಿ.”

ನಾನು ಅವ್ವ ಅಳುತ್ತಾಳೆಂದು ಕಾದೆ. ಬೆಳಗ್ಗೆಯಿಂದ ಅದೇ ದೃಶ್ಯವನ್ನು ನೂರು ಸಲ ಕಣ್ಣಮುಂದೆ ತಂದುಕೊಂಡಿದ್ದೆ. ಅವ್ವ ಅಳಲಿಲ್ಲ. ತಟ್ಟೆಯನ್ನೂ ಮುಟ್ಟಲಿಲ್ಲ. ಹಿಟ್ಟಿನ ಕೈಯನ್ನು ನಳದ ಕಡೆ ಚಾಚಿದಳು.

“ಬೆಲಿ ಇಳೀಲಿಕ್ಕೇ ಬೇಕಾಗಿತ್ತೇನ್ರಿ, ನನ್ನ ಕೈಗುಣ ಚಲೋ ಆಗಾಕ?” ಎಂದಳು. “ಅದು ಏರಿತ್ತಂದ್ರ ಸಾಯೂತನಕ ನಾ ಕೆಟ್ಟಾಕಿನ ಏನು? ಅವತ್ತಿಂದ ದಿನಾ ಈ ನಳದ ನೀರಾಗ ಜಳಕಾ ಮಾಡೀರಿ. ಅದು ಒಂದ ದಿನಾನೂ ನಿಮಗ ಹೇಳಲಿಲ್ಲೇನು?”

ಇಷ್ಟೊಂದು ಸಾಲುಗಳನ್ನು ಓದಿದ ನನಗೂ ಆ ನಳ ಕಂಡಿರಲಿಲ್ಲ. ತಟ್ಟೆ ಹಿಡಿದ ಅಪ್ಪ ಅಲ್ಲೇ ನಿಂತೇ ಇದ್ದ. ಹಾಗೆ ಅವನನ್ನು ಸಾಕಷ್ಟು ಹೊತ್ತು ನಿಲ್ಲಿಸಿ, ಅವ್ವ ನಳ ತಿರುಗಿಸಿದಳು, ಹಿಟ್ಟೆಲ್ಲ ಹೋಗುವಂತೆ ನಿಧಾನವಾಗಿ ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡು ಬಂದು ಆರತಿಯ ದೀಪ ಹಚ್ಚಿದಳು.