ಮರದ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೋದದ್ದು

ನನ್ನ ಗಂಡನಿಗೆ ಕುಡಿಯುವ ಚಟವಿಲ್ಲ, ಇಸ್ಪೀಟು ಇಲ್ಲ, ಕ್ರಿಕೆಟ್ಟಿನ ಹುಚ್ಚೂ ಇಲ್ಲ. "ಎಂಥ ಪುಣ್ಯ ಮಾಡಿದ್ದೀಯೇ ನೀನು" ಎಂದು ನನ್ನ ಅಕ್ಕ ಫೋನಿನಲ್ಲಿ ಹೇಳುವಾಗೆಲ್ಲ ನನಗೆ ಮೈ ಉರಿಯುತ್ತದೆ. ಅವಳ ಗಂಡ ಕುಡಿದು ಬಂದು ಮಲಗುತ್ತಾನೆ, ಅಷ್ಟೇ. ನನ್ನವರು ಬಹರೈನಿನ ಮಾಹೂಝ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು ರೈಫಲ್ ಡಿಸೈನ್ ಮಾಡುತ್ತಾರೆ.

ಹೆದರಬೇಡಿ, ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ಮಾತ್ರ. ಹಗಲಿಗೆ ಅವರು ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಅಲ್ಯೂಮಿನಿಯಂ ಬಾಗಿಲು, ಕಿಟಕಿಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಸಂಜೆಗೆ, ಯಾವುದೋ ಚಳಿದೇಶದ ಸಣ್ಣ ವರ್ಕ್‌ಶಾಪೊಂದಕ್ಕೆ ದೊಡ್ಡ ಗುಂಡಿನ ಬೋಲ್ಟ್ ರೈಫಲ್ಲಿನ ಭಾಗಗಳನ್ನು ಬಿಡಿಸಿ ಕಳಿಸುತ್ತಾರೆ. ಹಿಂದಿನ ಕಾಲದಲ್ಲಿ ಆನೆಗೆ, ಕಾಡುಕೋಣಕ್ಕೆ ಅಂತ ಮಾಡುತ್ತಿದ್ದ ಬಗೆಯದು. ಗುಂಡು ಹೆಬ್ಬೆರಳಿನಷ್ಟು ದಪ್ಪ. ಈಗ ಅದರಿಂದ ಯಾರೂ ಆನೆ ಹೊಡೆಯುವುದಿಲ್ಲವಂತೆ. ಹವ್ಯಾಸಕ್ಕೆ ಸಂಗ್ರಹ ಮಾಡುವವರು ಕೊಂಡು, ಎಣ್ಣೆ ಒರೆಸಿ, ಗಾಜಿನ ಕಪಾಟಿನಲ್ಲಿ ಇಟ್ಟು, ರಜೆಯಲ್ಲಿ ಕಾಗದದ ಗುರಿಗೆ ನಾಲ್ಕು ಈಡು ಹೊಡೆದು, ಮತ್ತೆ ಎಣ್ಣೆ ಒರೆಸುತ್ತಾರೆ. ಇದಕ್ಕೂ ಮನುಷ್ಯರು ಇದ್ದಾರಲ್ಲ ದೇವರೇ ಎಂದು ನನಗೆ ಆಶ್ಚರ್ಯ.

ಅಂಥ ಕೋವಿಯಲ್ಲಿ ಪ್ರತಿ ಈಡಿಗೂ ಕೈಯಲ್ಲೇ ಹಿಡಿಕೆ ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ನೂಕಿ, ಕೆಳಗೆ ಒತ್ತಬೇಕು. ಆ ಹಿಡಿಕೆ ಮತ್ತು ಹಿಂದಿನ ಮರದ ಹಿಡಿ, ಇವೆರಡು ನನ್ನವರ ಪಾಲಿನ ಕೆಲಸ. ಸುಲಭ ಅಂದುಕೊಂಡಿದ್ದೆ. ಅಲ್ಲವಂತೆ. ದೊಡ್ಡ ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಮರದ ಇಳಿಜಾರು ಚೂರು ತಪ್ಪಿದರೂ ಆ ಒದೆ ಭುಜಕ್ಕೆ ಹೋಗುವ ಬದಲು ಕೆನ್ನೆಯ ಮೂಳೆಗೆ ಬರುತ್ತದೆ. ಇದು ನನಗೆ ಅವರು ಹೇಳಿಕೊಡಬೇಕಾಗಿರಲಿಲ್ಲ. ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯುವ ಲೈಸನ್ಸಿನ ಕೋವಿ ಇತ್ತು. ರಾತ್ರಿ ಹಂದಿ ಓಡಿಸಿದ ಮರುದಿನ ಅಪ್ಪನ ಕೆನ್ನೆ ಊದಿಕೊಂಡು, ಇಗರ್ಜಿಯಲ್ಲಿ ಪಾದ್ರಿಗಳೇ "ಹಲ್ಲುನೋವಾ?" ಎಂದು ಕೇಳುತ್ತಿದ್ದರು. ನನ್ನವರ ಮನೆಯಲ್ಲೂ ಒಂದು ಕೋವಿ ಇತ್ತು. ನಮ್ಮ ಮದುವೆ ಮಾತುಕತೆಯಲ್ಲಿ ಎರಡೂ ಕಡೆಯ ಗಂಡಸರು ಒಂದು ತಾಸು ಮಾತಾಡಿದ್ದು ಹುಡುಗ ಹುಡುಗಿಯ ಬಗ್ಗೆ ಅಲ್ಲ, ಕೋವಿಗಳ ಬಗ್ಗೆ.

ಆ ವರ್ಷ ಮಗಳು ಹನ್ನೆರಡನೆಯ ಕ್ಲಾಸು. ಬೋರ್ಡ್ ಪರೀಕ್ಷೆ ಶುರುವಾಗಿತ್ತು. ಇನ್ನೂ ಫಿಸಿಕ್ಸ್, ಮ್ಯಾಥ್ಸ್ ಬಾಕಿ. ಮನೆಯಲ್ಲಿ ಮಿಕ್ಸಿ ಹಾಕಲೂ ಹೆದರಿಕೆ. ಅಂಥ ಹೊತ್ತಿನಲ್ಲಿ ಈ ಮಹಾನುಭಾವರು ಒಂದು ದಿನ ಕಂಪನಿಯ ಬಡಗಿಯ ಹತ್ತಿರ ಕೆತ್ತಿಸಿಕೊಂಡು ಬಂದ ಪೂರ್ತಿ ಅಳತೆಯ ಮರದ ರೈಫಲನ್ನು ಊಟದ ಮೇಜಿನ ಮೇಲೆ ಇಟ್ಟರು. ನಳಿಗೆಯ ಜಾಗದಲ್ಲಿ ಪರದೆ ತೂಗುವ ಮರದ ಕೋಲು, ಅದಕ್ಕೆ ಕಪ್ಪು ಬಣ್ಣ. ಬೋಲ್ಟಿನ ಹಿಡಿಕೆಯೂ ಮರದ್ದೇ, ಅದಕ್ಕೂ ಕಪ್ಪು ಬಣ್ಣ.

"ಎಂತ ಇದು?" ಎಂದೆ.

"ಮಾಡೆಲ್. ಸ್ಕ್ರೀನಿನಲ್ಲಿ ಭುಜಕ್ಕೆ ಗೊತ್ತಾಗುದಿಲ್ಲ ಮಾರಾಯ್ತಿ. ಹಿಡಿದು ನೋಡ್ಬೇಕು."

"ಬಣ್ಣ ಯಾಕೆ ಹೊಡೆದದ್ದು?"

"ಚಂದ ಕಾಣ್ಲಿ ಅಂತ."

ನಾವು ಮನೆಯಲ್ಲಿ ಆಡುವುದು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಬಹರೈನಿನಲ್ಲೇ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಅಷ್ಟಾಗಿ ತಿಳಿಯುವುದಿಲ್ಲ. ಅವತ್ತು ಬಹಳ ಹೊತ್ತು ಕನ್ನಡ ನಡೆಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಬೈಯುತ್ತ ಬೈಯುತ್ತಲೇ ನಾನೂ ಅದನ್ನು ಎತ್ತಿ ಭುಜಕ್ಕೆ ಇಟ್ಟೆ. ಇಟ್ಟ ಕೂಡಲೇ ಗೊತ್ತಾಯಿತು, ಕೆನ್ನೆ ಕೂರುವ ಜಾಗ ಮುಂದೆ ಏರು, ಹಿಂದೆ ತಗ್ಗು. "ಇದು ಹೊಡೆದವನ ದವಡೆ ಕಳಚ್ತದೆ ನೋಡಿ" ಎಂದೆ. ಅವರು ಒಪ್ಪಲಿಲ್ಲ. "ನೀವೇ ಹಿಡೀರಿ, ಬೆಳಕಿಗೆ ಬನ್ನಿ, ತೋರಿಸ್ತೇನೆ" ಎಂದು ಕಿಟಕಿಯ ಹತ್ತಿರ ಕರೆದೆ. ಅವರು ಕಾಲು ಅಗಲಿಸಿ, ಕೋವಿ ಭುಜಕ್ಕೆ ಇಟ್ಟು, ಕಣ್ಣು ಕಿರಿದು ಮಾಡಿ ಗುರಿ ಹಿಡಿದರು.

ಗುರಿ ನೇರ ಎದುರಿನ ಬಿಲ್ಡಿಂಗಿನ ಕಿಟಕಿಗೆ. ಅಲ್ಲಿ ಒಬ್ಬ ಹೆಂಗಸು ಬಟ್ಟೆ ಮಡಚುತ್ತ ನಿಂತಿದ್ದಳು. ನಮ್ಮನ್ನು ನೋಡಿದಳು. ಸರಕ್ಕೆಂದು ಪರದೆ ಎಳೆದಳು.

ಅಲ್ಲಿಗೆ ನನ್ನ ನಿದ್ದೆ ಮುಗಿಯಿತು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಓಡಿಹೋಗಿ ಬಾಗಿಲಿನ ಕಿಂಡಿಗೆ ಕಣ್ಣಿಡುತ್ತಿದ್ದೆ. ಡಿಪ್ಲೊಮ್ಯಾಟಿಕ್ ಏರಿಯಾದ ನನ್ನ ಆಫೀಸಿನಲ್ಲಿ ಕೂತರೆ, ಈಗ ಮನೆಗೆ ಪೊಲೀಸರು ಬಂದಿರಬಹುದು, ಮಗಳು ಬಾಗಿಲು ತೆಗೆದಿರಬಹುದು ಎಂದೇ ಯೋಚನೆ. ಆ ಹೆಂಗಸು ದೂರು ಕೊಟ್ಟರೆ? ಆಟಿಕೆಯ ಪಿಸ್ತೂಲು ತಂದವರನ್ನೂ ಏರ್‌ಪೋರ್ಟಿನಲ್ಲಿ ತಡೆದು ಕೇಳಿದ ಕತೆಗಳನ್ನು ನಾವು ಕೇಳಿದ್ದೆವು. ವೀಸಾ ರದ್ದು ಮಾಡಿ ವಿಮಾನ ಹತ್ತಿಸಿ ಕಳಿಸಿದರೆ ಮಗಳ ಪರೀಕ್ಷೆ ಏನಾಗಬೇಕು? ಎರಡು ಪೇಪರು ಬಾಕಿ ಇರುವ ಹುಡುಗಿಯನ್ನು ಯಾವ ಊರಿಗೆ, ಯಾವ ಶಾಲೆಗೆ ಕರೆದುಕೊಂಡು ಹೋಗುವುದು? ನಾನು ಹಗಲೂ ರಾತ್ರಿ ಇದನ್ನೇ ಅಗಿದೆ.

"ಖಲ್ಲಿವಲ್ಲಿ, ಬಿಡು ಅತ್ಲಾಗಿ" ಎಂದು ಗಂಡ ಮೊದಲು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಯಾಕೆ ಎಂದು ನನ್ನನ್ನೇ ಗೇಲಿ ಮಾಡಿದರು. ಆದರೆ ಕೆಳಗೆ ರಸ್ತೆಯಲ್ಲಿ ಸೈರನ್ ಕೇಳಿದಾಗ ಅವರೇ ಚಹಾ ಬಿಟ್ಟು ಎದ್ದು ಹೋಗಿ ಕಿಟಕಿಯ ಪರದೆ ಎಳೆದದ್ದು ನಾನು ನೋಡಿದ್ದೇನೆ. ತುಂಡು ಮಾಡಿ ಬಿಸಾಡುವ ಎಂದೆ. ಗರಗಸದ ಸದ್ದಿಗೆ ಪಕ್ಕದ ಮನೆಯವರು ಬರುತ್ತಾರೆ ಎಂದರು. ಹಾಗೇ ಕಸದ ಡಬ್ಬಿಗೆ ಹಾಕುವ ಎಂದೆ. "ಕಸದಲ್ಲಿ ಕೋವಿ ಸಿಕ್ಕಿದ್ರೆ ಇಡೀ ಏರಿಯಾ ಬಂದ್ ಮಾಡ್ತಾರೆ" ಎಂದರು. ಅದೂ ಸರಿಯೇ. ಮಂಚದ ಕೆಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಇಟ್ಟೆವು. ಮಗಳು ನೋಡಿ, "ಅಪ್ಪಾ, ಇಟ್ಸ್ ಲಿಟರಲಿ ಎ ಪ್ಲ್ಯಾಂಕ್" ಎಂದು ಪುಸ್ತಕ ಹಿಡಿದು ಹೋದಳು. ಆ ಹಲಗೆಯ ಮೇಲೆ ಮಲಗುವವರ ಕಷ್ಟ ಅವಳಿಗೇನು ಗೊತ್ತು.

ಶುಕ್ರವಾರ ಬೆಳಿಗ್ಗೆ ಗಂಡ ಹಲ್ಲುಜ್ಜುತ್ತ ಬಂದು ಹೇಳಿದರು: "ನಾವೇ ಕೊಂಡ್ಹೋಗಿ ಠಾಣೆಯಲ್ಲಿ ಕೊಡುವ."

"ಎಂತ?"

"ಊರಲ್ಲಿ ಎಲೆಕ್ಷನ್ ಬಂದ್ರೆ ಎಂತ ಮಾಡ್ತೇವೆ? ಡಿಪಾಸಿಟ್ ಮಾಡುದಿಲ್ವಾ? ಅವ್ರು ಬಂದು ಹಿಡಿದ್ರೆ ಅಪರಾಧ. ನಾವೇ ಕೊಟ್ರೆ ಮರ್ಯಾದೆ."

ಈಗ ಯಾರಾದರೂ ಕೇಳಿದರೆ ನಗುತ್ತಾರೆ. ಆದರೆ ಆ ಕ್ಷಣ ನನಗೆ ಅದು ದೇವರೇ ತೋರಿಸಿದ ದಾರಿ ಅನ್ನಿಸಿತು. ನಮ್ಮ ಊರಿನಲ್ಲಿ ಚುನಾವಣೆ ಘೋಷಣೆಯಾದರೆ ಲೈಸನ್ಸಿನ ಕೋವಿ ಇದ್ದವರೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಅದೊಂದು ಸಣ್ಣ ಜಾತ್ರೆಯೇ. ಗಂಡಸರು ಒಗೆದ ಅಂಗಿ ಹಾಕಿ, ಕೋವಿ ಹೆಗಲಿಗೇರಿಸಿ ಬಸ್ಸಿನಲ್ಲೇ ಹೋಗುತ್ತಾರೆ. ಕಂಡಕ್ಟರ್ "ಕೋವಿಯವರು ಹಿಂದೆ ಹೋಗಿ" ಎನ್ನುತ್ತಾನೆ. ಠಾಣೆಯ ಜಗಲಿಯಲ್ಲಿ ಸಾಲಾಗಿ ಗೋಡೆಗೆ ಒರಗಿಸಿ, ಪೊಲೀಸರ ಜೊತೆ ಹಂದಿ, ಮಂಗಗಳ ವಿಷಯ ಮಾತಾಡಿ, ಚೀಟಿ ಕಟ್ಟಿಸಿ ಬರುತ್ತಾರೆ. ಮತ ಎಣಿಕೆ ಮುಗಿದ ಮೇಲೆ ಹೋಗಿ ತರುತ್ತಾರೆ. ಠಾಣೆಗೆ ಕೋವಿ ಹಿಡಿದು ಹೋಗುವುದು ನಮ್ಮಿಬ್ಬರ ಪಾಲಿಗೂ ಒಳ್ಳೆಯವರು ಮಾಡುವ ಕೆಲಸ. ಬೇರೆ ದೇಶದಲ್ಲಿ ಅದು ಹೇಗೆ ಕಾಣುತ್ತದೆ ಎಂದು ಇಬ್ಬರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ನಾನು ಅವರ ಅಂಗಿಗೆ ಇಸ್ತ್ರಿ ಕೂಡ ಹಾಕಿಕೊಟ್ಟೆ!

ರಂಜಾನ್ ತಿಂಗಳು, ರಸ್ತೆಗಳು ಖಾಲಿ. ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಸಿ ಹೊರಟೆವು. ಮಗಳು ಮಲಗಿದ್ದಳು, ಹೇಳಲಿಲ್ಲ. ಮೊದಲ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಂದು ಪೊಲೀಸ್ ಜೀಪು ಬಂದು ನಿಂತಿತು. ಆಗ ನನಗೆ ಚಳಿ ಹಿಡಿಯಿತು. ನಾವು ಎಂತ ಮಾಡುತ್ತಿದ್ದೇವೆ ದೇವರೇ, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದಲ್ಲ, ನಾವೇ ಮಾರಿಯ ಮನೆಗೆ ಹೊರಟಿದ್ದೇವಲ್ಲ! "ತಿರುಗಿಸಿ, ಮನೆಗೆ ಹೋಗುವ" ಎಂದೆ. "ಈಗ ತಿರುಗಿಸಿದ್ರೆ ಸಂಶಯ ಬರ್ತದೆ" ಎಂದರು. ಜೀಪು ಮುಂದೆ ಹೋಯಿತು. ನಾನು ಬಾಯೊಳಗೆ ನಮೋ ಮರಿಯೆ ಜಪ ಹೇಳುತ್ತ ಕೂತೆ, ಅರ್ಧಕ್ಕೆ ಮರೆತು ಮೊದಲಿನಿಂದ ಶುರುಮಾಡುತ್ತ.

ಠಾಣೆಯ ಗೇಟಿನ ಹೊರಗೆ ಕಾರು ನಿಲ್ಲಿಸಿದರು. "ನೀನು ಕೂತಿರು" ಎಂದು ಇಳಿದು, ಹಿಂದಿನ ಬಾಗಿಲು ತೆಗೆದು, ಬೆಡ್‌ಶೀಟು ಬಿಚ್ಚಿದರು. ಯಾಕೆ ಬಿಚ್ಚಿದಿರಿ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಮುಚ್ಚಿ ತಂದ್ರೆ ಕಳ್ಳರ ಹಾಗೆ ಆಗ್ತದಲ್ಲ" ಎನ್ನುತ್ತಾರೆ. ನಳಿಗೆ ಕೆಳಗೆ ಮಾಡಿ, ಊರಿನಲ್ಲಿ ಅವರ ಅಪ್ಪ ಹಿಡಿಯುತ್ತಿದ್ದ ಹಾಗೇ ಹಿಡಿದು, ಮುಖದಲ್ಲಿ ಒಂದು ವಿನಯದ ನಗು ಇಟ್ಟುಕೊಂಡು ಗೇಟಿನ ಕಡೆ ನಡೆದರು.

ಗೇಟಿನಲ್ಲಿ ಒಬ್ಬ ಕಾವಲಿನ ಪೊಲೀಸು. ಮೀಸೆ ನರೆತವನು, ಇಲ್ಲಿನ ಪೊಲೀಸಿನಲ್ಲಿ ಬಹಳ ಇರುವ ಪಾಕಿಸ್ತಾನದವರಲ್ಲಿ ಒಬ್ಬ. ಅವನು ಅರಬಿಯಲ್ಲಿ ಏನೋ ಕೂಗಿದ. ನನ್ನವರು ಸಲಾಂ ಹೇಳಿದರು. ಅವನ ಬಂದೂಕು ಮೇಲೆ ಬಂತು. "ನೀಚೆ ರಖೋ! ನೀಚೆ ರಖೋ!" ಎಂದು ಉರ್ದುವಿನಲ್ಲಿ ಅಬ್ಬರಿಸಿದ. ಕೆಳಗಿಡು ಎಂದರೆ ನನ್ನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಇಡಲಿಲ್ಲ.

ನನಗೆ ಮಾತ್ರ ಗೊತ್ತಿತ್ತು ಯಾಕೆ ಇಡಲಿಲ್ಲ ಎಂದು. ನಮ್ಮ ಕಡೆ ಕೋವಿಯನ್ನು ಯಾರೂ ನೆಲಕ್ಕೆ ಹಾಕುವುದಿಲ್ಲ. ನಳಿಗೆಯೊಳಗೆ ಮಣ್ಣು ಹೊಕ್ಕರೆ ಮುಂದಿನ ಈಡಿಗೆ ಹೊಡೆದವನ ಮುಖವೇ ಹೋಗುತ್ತದೆ. ಅದಕ್ಕೇ ಗೋಡೆಗೆ ಒರಗಿಸಬೇಕು ಇಲ್ಲವೇ ಮೊಳೆಗೆ ತೂಗುಹಾಕಬೇಕು, ಇದು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ. ನನ್ನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಒರಗಿಸಲು ಒಂದು ಗೋಡೆ ಹುಡುಕಿದರು. ಗೋಡೆ ಇದ್ದದ್ದು ಆ ಪೊಲೀಸಿನ ಬೆನ್ನಿಗೆ. ಅದರ ಕಡೆಗೆ ಹೆಜ್ಜೆ ಹಾಕಿದರು.

ನಾನು ಕಾರಿನಿಂದ ಹೇಗೆ ಹೊರಗೆ ಬಿದ್ದೆನೋ ನೆನಪಿಲ್ಲ. "ಬಿಸಾಡಿ ಅದನ್ನು! ನಿಮ್ಮ ಅಪ್ಪನಾಣೆ, ಬಿಸಾಡಿ!" ಎಂದು ಕಿರುಚಿದೆ. ಅಪ್ಪನ ಹೆಸರಿಗೋ ನನ್ನ ಗಂಟಲಿಗೋ, ಅವರ ಕೈ ಬಿಟ್ಟಿತು. ಅದು ಸಿಮೆಂಟಿನ ಮೇಲೆ ಬಿದ್ದು, ಠಣ್ ಎನ್ನಲಿಲ್ಲ. ಹಲಗೆಯ ಹಾಗೆ ಟೊಳ್ಳಾಗಿ ಸದ್ದು ಮಾಡಿ, ಪರದೆಯ ಕೋಲು ಮುರಿದು ದೂರ ಉರುಳಿತು. ಮುರಿದ ತುದಿಯಲ್ಲಿ ಬಿಳಿ ಮರ ಕಾಣುತ್ತಿತ್ತು. ಪೊಲೀಸು ಅದನ್ನೇ ನೋಡುತ್ತ ನಿಂತ.

ಒಳಗೆ ನಮ್ಮನ್ನು ಬೇರೆ ಬೇರೆ ಕೂರಿಸಿ ಕೇಳಿದರು. ಅಧಿಕಾರಿ ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಗಂಡನ ಫೋನಿನಲ್ಲಿದ್ದ ನಕ್ಷೆ ನೋಡಿದರು, ಕಂಪನಿಗೆ ಫೋನು ಮಾಡಿದರು, ನಮ್ಮ ಸಿಪಿಆರ್ ಗುರುತಿನ ಕಾರ್ಡುಗಳನ್ನು ಒಳಗೆ ಒಯ್ದರು. ನಾನು ಮಗಳ ಪರೀಕ್ಷೆಯ ಹಾಲ್ ಟಿಕೆಟನ್ನು ಫೋನಿನಲ್ಲಿ ತೆಗೆದು ಹಿಡಿದು, "ಸರ್, ಎರಡು ಪೇಪರ್ ಬಾಕಿ ಉಂಟು, ಅದು ಮುಗಿಯುವ ತನಕ" ಎಂದು ಅಳತೊಡಗಿದೆ. ನಾಚಿಕೆ ಎಲ್ಲ ಬಿಟ್ಟು ಅತ್ತೆ.

"ನಿಮ್ಮ ಮೇಲೆ ಯಾವ ದೂರೂ ಬಂದಿಲ್ಲ" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದರು. "ಯಾರೂ ಫೋನು ಮಾಡಿಲ್ಲ. ಇದನ್ನು ಇಲ್ಲಿಗೆ ಯಾಕೆ ತಂದಿರಿ?"

ಇಬ್ಬರೂ ಸೇರಿ ಎಲೆಕ್ಷನ್ ಕತೆ ಹೇಳಿದೆವು. ಅವರಿಗೆ ಅರ್ಥವಾಯಿತೋ ಇಲ್ಲವೋ. ಮರದ ತುಂಡುಗಳನ್ನು ಇಟ್ಟುಕೊಂಡರು, ಇನ್ನು ಇಂಥ ಆಕಾರದ್ದು ಈ ದೇಶದಲ್ಲಿ ಮಾಡಬೇಡಿ ಎಂದರು. ನಕ್ಷೆಯ ವಿಷಯ ಕಂಪನಿಯ ಜೊತೆ ಮಾತಾಡಿಕೊಳ್ಳಿ ಎಂದರು. ಕಾರ್ಡು ವಾಪಸು ಕೊಟ್ಟು, "ಹೋಗಿ, ಹುಡುಗಿ ಪರೀಕ್ಷೆ ಬರೆಯಲಿ" ಎಂದರು. ನಾನು ಅವರಿಗೆ ಕೈ ಮುಗಿದೆ.

ಕಾರಿನಲ್ಲಿ ಕೂತ ಮೇಲೆ ನನ್ನ ಸಿಟ್ಟು ವಾಪಸು ಬಂತು. ಗಂಡನ ಭುಜಕ್ಕೆ ಗುದ್ದಿದೆ, ಇನ್ನೊಂದು ಗುದ್ದಿದೆ. ಅವರು ಸುಮ್ಮನೆ ಗುದ್ದಿಸಿಕೊಂಡರು. ವೀಸಾ ಉಳಿಯಿತು, ಪರೀಕ್ಷೆ ಉಳಿಯಿತು, ದೇವರು ದೊಡ್ಡವನು ಎಂದು ಬಡಬಡಿಸುತ್ತಿದ್ದೆ. ಅಷ್ಟರಲ್ಲಿ ಗೇಟಿನ ಆ ಪೊಲೀಸು ಕೈ ಅಡ್ಡ ಮಾಡಿ ಕಾರು ನಿಲ್ಲಿಸಿದ.

ಅವನು ಗಂಡನ ಕಿಟಕಿಗೆ ಬಗ್ಗಿದ. ಉಪವಾಸದಿಂದ ತುಟಿ ಒಣಗಿ ಬಿಳಿಚಿತ್ತು. "ಭಾಯ್ ಸಾಹೇಬ್, ಇಡು ಅಂದರೂ ನನ್ನ ಕಡೆ ಯಾಕೆ ಬಂದಿರಿ?" ಎಂದು ಉರ್ದುವಿನಲ್ಲಿ ಕೇಳಿದ.

"ಗೋಡೆಗೆ ಒರಗಿಸಿ ಇಡೋಣ ಅಂತ" ಎಂದರು ನನ್ನವರು.

ಅವನು ತಿರುಗಿ ಆ ಗೋಡೆಯನ್ನು ನೋಡಿದ. ಆಮೇಲೆ ಮೆಲ್ಲಗೆ, "ಇಷ್ಟು ವರ್ಷದ ನೌಕರಿಯಲ್ಲಿ ನಾನು ಮನುಷ್ಯನಿಗೆ ಗುರಿ ಇಟ್ಟವನಲ್ಲ. ಇವತ್ತು ಇಟ್ಟೆ. ಬೆರಳೂ ಟ್ರಿಗರಿನ ಮೇಲೆ ಹೋಗಿತ್ತು. ಬೇಗಂ ಸಾಹೇಬರು ಕೂಗದಿದ್ದರೆ, ನೀವು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಗುಂಡು ಹಾರಿಸಿಬಿಡುತ್ತಿದ್ದೆ" ಎಂದ.

ನಾನು ವಾರವಿಡೀ ವೀಸಾಕ್ಕೆ ಹೆದರಿದ್ದೆ, ಪರೀಕ್ಷೆಗೆ ಹೆದರಿದ್ದೆ. ಈ ಒಂದಕ್ಕೆ ಹೆದರಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಅವನು ಕಿಟಕಿಯೊಳಗೆ ಕೈ ಚಾಚಿದ. ನನ್ನವರು ಹಿಡಿದುಕೊಂಡರು. ಹಿಂದಿನಿಂದ ಬಂದ ಕಾರು ಹಾರ್ನ್ ಹೊಡೆಯುವ ತನಕ ಇಬ್ಬರೂ ಬಿಡಲಿಲ್ಲ.