ಅಕ್ಕನಿಗೆ ಹಿಂದಿ ಕಲಿಸಿದ ಮಜೆಂಟಾ ಲೈನ್

ದಿಲ್ಲಿ ಮೆಟ್ರೊದ ನಮ್ಮ ಮಜೆಂಟಾ ಲೈನ್ ಹುಟ್ಟಿದ್ದು ಹಿಂದುಮುಂದಾಗಿ. ನೋಯ್ಡಾ ಕಡೆಯ ತುದಿ, ಅಂದರೆ ಕಂಬಗಳ ಮೇಲೆ ಓಡುವ ಭಾಗ, ಮೊದಲು ತೆರೆಯಿತು. ನೆಲದಡಿಯ ಭಾಗ ಕೆಲವು ತಿಂಗಳು ತಡವಾಗಿ ಬಂತು. ಆ ತಿಂಗಳುಗಳಲ್ಲಿ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನ ನಾವೆಲ್ಲ ಬೆಳಿಗ್ಗೆ ವಾಕಿಂಗ್ ಹೋಗಿ, ರಸ್ತೆಯ ತಗಡಿನ ಬೇಲಿಯ ಸಂದಿಯಿಂದ ಗುಂಡಿಯನ್ನು ಇಣುಕಿ, ಕಾಮಗಾರಿಯ ಬಗ್ಗೆ ತೀರ್ಪು ಕೊಟ್ಟು ಮನೆಗೆ ಮರಳುತ್ತಿದ್ದೆವು. ನಮ್ಮ ತೀರ್ಪಿಗೆ ಕಾಯದೆ ಅವರು ಕೆಲಸ ಮುಗಿಸಿಬಿಟ್ಟರು.

ಆಮೇಲೆ ಈ ಲೈನಿನ ರೈಲುಗಳಿಗೆ ಚಾಲಕ ಬೇಕಿಲ್ಲವೆಂದು ಪ್ರಕಟವಾಯಿತು. ಊರೆಲ್ಲ ಬೆರಗಾಯಿತು, ಸಚಿವಾಲಯವೊಂದರಲ್ಲಿ ಮೂವತ್ತು ವರ್ಷ ಕೂತ ನಾನು ಮಾತ್ರ ಆಗಲಿಲ್ಲ. ಮುಂದಿನ ಕುರ್ಚಿ ಖಾಲಿಯಿದ್ದರೂ ಗಾಡಿ ಓಡುವುದನ್ನು ನಾನು ಕಣ್ಣಾರೆ ಕಂಡವನು. ವ್ಯತ್ಯಾಸವೆಂದರೆ ಈ ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಗೋಡೆ. ರೈಲಿನ ಬಾಗಿಲು ಗೋಡೆಯ ಬಾಗಿಲಿಗೆ ಎದುರಾಗಿ ನಿಂತ ಮೇಲೆಯೇ ಎರಡೂ ತೆರೆದುಕೊಳ್ಳುತ್ತವೆ. ಇನ್ನು ಹೌಜ್ ಖಾಸ್ ನಿಲ್ದಾಣದ ಆಳ. ಅಲ್ಲಿಯ ಎಸ್ಕಲೇಟರುಗಳ ಮೇಲೆ ನಿಂತು ಮನೆಗೆ ಫೋನ್ ಮಾಡಿ, ಏನು ಅಡುಗೆ ಎಂದು ಕೇಳಿ, ಅದಕ್ಕೆ ಜಗಳವಾಡಿ, ರಾಜಿಯಾಗಿ, ಮತ್ತೂ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬಹುದು.

ಇಷ್ಟೆಲ್ಲ ಮೆಚ್ಚಿಕೊಂಡಿದ್ದ ನನಗೂ, ಆ ಲೈನು ಪಾಠ ಹೇಳುತ್ತದೆ ಎಂದು ಗೊತ್ತಾದದ್ದು ಅಕ್ಕ ಬಂದ ಮೇಲೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅರಸೀಕೆರೆಯಲ್ಲಿ ಇಪ್ಪತ್ತೈದು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ ನಡೆಸಿದಳು. ಎಲ್ಲರೂ ರೆಡಿಮೇಡ್ ತೊಡಲು ಶುರುಮಾಡಿದ ಮೇಲೆ ಕಲಿಯುವವರು ಇಲ್ಲವಾಗಿ ತರಗತಿ ಮುಚ್ಚಿತು. ಭಾವ ಮೊದಲೇ ತೀರಿಕೊಂಡಿದ್ದರು. ದಿಲ್ಲಿಗೆ ನಮ್ಮಲ್ಲಿಗೆ ಬಂದವಳು ಎರಡು ತಿಂಗಳಾಗುತ್ತಲೇ ಹಿಂದಿರುಗುವ ಮಾತು ತೆಗೆದಳು.

"ಇನ್ನೂ ಇದ್ದರೆ ನಾನಿಲ್ಲಿ ಯಾರೋ? ನೆಂಟಳೋ, ಅಡುಗೆಯವಳೋ?"

"ಹಾಗೆಲ್ಲ ಅನ್ನಬೇಡಿ ಅತ್ತಿಗೆ," ಎಂದಳು ನನ್ನ ಹೆಂಡತಿ, ಅಕ್ಕ ಮಾಡಿದ ಹುಳಿಯನ್ನೇ ಬಡಿಸಿಕೊಳ್ಳುತ್ತ.

ಅಷ್ಟರಲ್ಲಿ ಓಖ್ಲಾದ ಒಂದು ರಫ್ತು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ನೋಡಿ ತಪ್ಪು ಹಿಡಿಯುವ ಕೆಲಸವಿದೆಯೆಂದು ಪರಿಚಿತರೊಬ್ಬರು ಹೇಳಿದರು. ಕರೆದುಕೊಂಡು ಹೋದೆ. ಮಾಲೀಕರು ಪಂಜಾಬಿ ಹಿರಿಯರು. ಒಂದು ಕುರ್ತಿಯನ್ನು ಮುಂದಿಟ್ಟರು. ಅಕ್ಕ ಕನ್ನಡಕ ಕೂಡ ಹಾಕದೆ ಮೂರು ತಪ್ಪು ತೋರಿಸಿದಳು. ಒಂದು ಅವರಿಗೇ ಗೊತ್ತಿರಲಿಲ್ಲ.

"ಕಣ್ಣು ಫಸ್ಟ್ ಕ್ಲಾಸ್," ಎಂದು ಅವರು ನನಗೆ ಹಿಂದಿಯಲ್ಲಿ ಹೇಳಿದರು. "ಆದರೆ ಅಲ್ಲಿ ನಲವತ್ತು ಹೆಂಗಸರಿದ್ದಾರೆ. ತಪ್ಪನ್ನು ಅವರಿಗೆ ಹೇಳಬೇಕಲ್ಲ, ಬಾಬೂಜಿ? ಮುಂದಿನ ತಿಂಗಳಿಂದ ಬರಲಿ. ಹದಿನೈದು ದಿನ ನೋಡ್ತೀನಿ."

ಅಕ್ಕನಿಗೆ ಬರುತ್ತಿದ್ದ ಹಿಂದಿ 'ಭಯ್ಯಾ' ಮತ್ತು 'ಅಚ್ಛಾ'. ಸರ್ಕಾರಿ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ ನಾನು ಗುರುಸ್ಥಾನವನ್ನು ಅಲಂಕರಿಸಿದೆ. ಮೂರನೇ ದಿನ ಶಿಷ್ಯೆ ಎದ್ದು ನಿಂತಳು.

"ಕಾಲರ್ ಸೊಟ್ಟಗಿದೆ ಅಂತ ಹೇಗೆ ಹೇಳೋದು ಅಂದರೆ, ಮೇಲಧಿಕಾರಿಗೆ ಟಿಪ್ಪಣಿ ಹೇಗೆ ಬರೀಬೇಕು ಅಂತ ಹೇಳ್ತಿದ್ದೀಯಲ್ಲೋ! ಮೆಟ್ರೊದಲ್ಲಿ ಮಾತಾಡ್ತಾರಲ್ಲ, ಆ ಯಜಮಾನರೇ ವಾಸಿ. ಬಿಡಿಸಿ ಬಿಡಿಸಿ ಹೇಳ್ತಾರೆ. ಹೇಳಿದ್ದನ್ನೇ ನೂರು ಸಲ ಹೇಳ್ತಾರೆ, ಸಿಡುಕಲ್ಲ. ನಿನಗೆ ಎರಡನೇ ಸಲ ಕೇಳಿದರೆ ಮೂಗಿನ ಮೇಲೆ ಕೋಪ."

ಹೀಗೆ ನನ್ನ ಹುದ್ದೆ ಒಂದು ಧ್ವನಿಮುದ್ರಿಕೆಗೆ ಹೋಯಿತು. ಅಕ್ಕ ದಿನವೂ ಮಧ್ಯಾಹ್ನ ಮಹಿಳೆಯರ ಡಬ್ಬಿಯಲ್ಲಿ ಕೂತು ಕೊನೆಯ ನಿಲ್ದಾಣದವರೆಗೆ ಹೋಗಿ ಬರತೊಡಗಿದಳು. ಗಂಡು ದನಿಯಲ್ಲಿ ಹಿಂದಿ, ಹೆಣ್ಣು ದನಿಯಲ್ಲಿ ಇಂಗ್ಲಿಷು. ಹಿಂದಿ ಮುಗಿದೊಡನೆ ಅಕ್ಕ ಅದನ್ನೇ ತಾನೂ ಹೇಳುವಳು. ಒಂದು ದಿನ ಜೊತೆಗೆ ಹೋಗಿದ್ದ ನನ್ನ ಮಗಳು ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡಳು.

"ಅಪ್ಪಾ, ಅತ್ತೆ ಫುಲ್ ವಾಲ್ಯೂಮ್‌ನಲ್ಲಿ ಅನೌನ್ಸ್ ಮಾಡ್ತಾರೆ ಯಾರ್! ಎಲ್ಲರೂ ನಮ್ಮನ್ನೇ ದೇಖ್ ರಹೇ ಥೇ! ಒಬ್ಬಳು ಇವರನ್ನೇ ಕೇಳಿದಳು, ಆಂಟೀಜಿ, ಕಾಲ್ಕಾಜಿ ಯಾವಾಗ ಬರುತ್ತೆ ಅಂತ."

"ನಾನು ಹೇಳಿದೆನಲ್ಲ!" ಎಂದಳು ಅಕ್ಕ. "ಅಗಲಾ ಸ್ಟೇಷನ್ ಕಾಲ್ಕಾಜಿ ಮಂದಿರ್ ಹೈ. ಕೃಪಯಾ ಸಾವಧಾನೀ ಸೇ ಉತರೇಂ."

ಮುಂದಿನ ನಿಲ್ದಾಣ ಕಾಲ್ಕಾಜಿ, ದಯವಿಟ್ಟು ಎಚ್ಚರದಿಂದ ಇಳಿಯಿರಿ! ದಿಲ್ಲಿಯಲ್ಲಿ ಮೂವತ್ತು ವರ್ಷದಲ್ಲಿ ನನಗೆ ಒಬ್ಬ ಮನುಷ್ಯನೂ 'ಕೃಪಯಾ' ಎಂದದ್ದು ನೆನಪಿಲ್ಲ. ತಿಂಗಳು ಮುಗಿಯುವಷ್ಟರಲ್ಲಿ ಅಕ್ಕ ಆ ಶುದ್ಧ, ಇಸ್ತ್ರಿ ಹಾಕಿದ ಹಿಂದಿಯಲ್ಲಿ ನಲ್ಲಿ ರಿಪೇರಿಯವನನ್ನು ಬಾಗಿಲಿನಿಂದ ದೂರ ನಿಲ್ಲುವಂತೆ ವಿನಂತಿಸಿಕೊಳ್ಳುತ್ತಿದ್ದಳು. ಆತ ಚಪ್ಪಲಿ ಕಳಚಿ ಕೈಮುಗಿದ.

ಕಾರ್ಖಾನೆಗೆ ಸೇರಿ ಹನ್ನೆರಡು ದಿನವಾಗಿತ್ತು. ಮಾಲೀಕರಿಂದ ನನಗೆ ಫೋನ್ ಬಂತು. "ಬಾಬೂಜಿ, ಒಮ್ಮೆ ಬಂದು ಹೋಗಿ. ದೀದಿಯ, ನಿಮ್ಮ ಅಕ್ಕನ, ವಿಷಯ."

ಅರ್ಧ ದಿನ ರಜೆ ಹಾಕಿ ಹೊರಟೆ. ಹೌಜ್ ಖಾಸ್, ಪಂಚಶೀಲ ಪಾರ್ಕ್, ಚಿರಾಗ್ ದಿಲ್ಲಿ. ಹೊರಗೆ ಕತ್ತಲ ಗೋಡೆ, ಒಳಗೆ ನನ್ನದೇ ಸಪ್ಪೆ ಮುಖದ ಪ್ರತಿಬಿಂಬ. ಕೆಲಸ ಹೋದರೆ ಅಕ್ಕ ಆ ವಾರವೇ ಊರಿನ ರೈಲು ಹತ್ತುತ್ತಾಳೆಂದು ನನಗೆ ಖಚಿತವಿತ್ತು. ಅಲ್ಲಿ ಅವಳಿಗೆ ಕಾದಿದ್ದುದು ಬಾಗಿಲು ಹಾಕಿದ ಒಂದು ತರಗತಿ ಕೋಣೆ ಮಾತ್ರ. ಕಾಲ್ಕಾಜಿ ದಾಟಿದ ಮೇಲೆ ರೈಲು ನೆಲದಡಿಯಿಂದ ಏರಿ ಒಮ್ಮೆಲೇ ಬಿಸಿಲಿಗೆ ಬರುತ್ತದೆ. ಆ ಕಡೆ ಹೋದಾಗಲೆಲ್ಲ ಹಿಗ್ಗಿ ನೋಡುವ ನೋಟ. ಅಂದು ಕಣ್ಣು ಚುಚ್ಚಿತು.

ಮಾಲೀಕರು ನನ್ನನ್ನು ಹೊಲಿಗೆ ಹಾಲ್‌ನ ಬಾಗಿಲಿಗೆ ಕರೆದೊಯ್ದು, ತುಟಿಯ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಯಂತ್ರಗಳ ಸಾಲಿನ ನಡುವೆ ಅಕ್ಕ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದಳು.

"ಕೃಪಯಾ ಧ್ಯಾನ್ ದೇಂ. ಅಗಲಾ ಪೀಸ್ ಕಾಲರ್ ಹೈ. ಸಿಲಾಯಿ ಬಾಯೀಂ ಓರ್ ಸೇ ಶುರೂ ಹೋಗೀ."

ದಯವಿಟ್ಟು ಗಮನಿಸಿ, ಹೊಲಿಗೆ ಎಡಗಡೆಯಿಂದ ಶುರುವಾಗಲಿದೆ! ಥೇಟ್ ಮೆಟ್ರೊದ ಬಾಗಿಲಿನ ಪ್ರಕಟಣೆ. ಒಂದಿಬ್ಬರು ನಕ್ಕರು. ಆದರೆ ನಲವತ್ತು ಜೋಡಿ ಕೈಗಳೂ ಎಡಗಡೆಯಿಂದಲೇ ಶುರುಮಾಡಿದವು.

"ನೋಡಿದಿರಾ?" ಎಂದರು ಮಾಲೀಕರು. "ಇಲ್ಲಿಗೆ ಬಂದ ಚೆಕ್ಕರುಗಳೆಲ್ಲ ಬೈದೇ ಕೆಲಸ ಮಾಡಿಸಿದವರು. ಇವರು ಬಂದ ಮೇಲೆ ಬಿಚ್ಚಿ ಹೊಲಿಯುವುದು ಕಡಿಮೆಯಾಗಿದೆ. ಆದರೆ ತೊಂದರೆ ಬೇರೆ ಇದೆ, ಈಗ ನೋಡಿ."

ಮೂಲೆಯ ಯಂತ್ರದವಳು ಕೈಯೆತ್ತಿ ಗಡಗಡನೆ ಏನೋ ಹೇಳಿದಳು. ಸೂಜಿ ಮುರಿದಿದೆ, ಬೇರೆ ಬೇಕು ಎಂದು. ಅಕ್ಕ ಅವಳನ್ನು ಮರುಕದಿಂದ ನೋಡಿದಳು.

"ಆಪ್‌ಕೋ ಹುಯೀ ಅಸುವಿಧಾ ಕೇ ಲಿಯೇ ಖೇದ್ ಹೈ," ಎಂದು ಮುಂದಕ್ಕೆ ನಡೆದಳು.

ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ಅಕ್ಕನ ಮೆಟ್ರೊ ಗುರು ಹೇಳುವುದನ್ನು ಚೆನ್ನಾಗಿ ಕಲಿಸಿದ್ದರು. ಪಾಪ, ಅವರಿಗೆ ಇದುವರೆಗೆ ಯಾರೂ ಎದುರುತ್ತರ ಕೊಟ್ಟಿರಲಿಲ್ಲ. ಕೇಳಿಸಿಕೊಳ್ಳುವ ಪಾಠ ಅವರಲ್ಲಿ ಇರಲೇ ಇಲ್ಲ.

"ನಿನ್ನೆ ಒಬ್ಬಳಿಗೆ ಜ್ವರ. ಅವಳಿಗೂ ಇದನ್ನೇ ಹೇಳಿದರು," ಎಂದರು ಮಾಲೀಕರು. "ದೊಡ್ಡವರು, ನಾನು ಮುಖಕ್ಕೆ ಹೇಳಲಾರೆ. ನೀವೇ ಹೇಳಿ ಕರೆದುಕೊಂಡು ಹೋಗಿ."

ನಾನು ಹೇಳಬೇಕಾಗಲಿಲ್ಲ. ಅಕ್ಕ ಬಾಗಿಲಲ್ಲಿ ನನ್ನನ್ನು ಕಂಡಳು. ನನ್ನ ಮುಖ ಓದಲು ಅವಳಿಗೆ ಹಿಂದಿ ಬೇಕಿರಲಿಲ್ಲ. ಕೊರಳಿನ ಅಳತೆ ಟೇಪು ತೆಗೆದು ಸುತ್ತತೊಡಗಿದಳು.

ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಸೂಜಿ ಮುರಿದುಕೊಂಡ ಹೆಂಗಸೇ ಎದ್ದು ಸೊಂಟದ ಮೇಲೆ ಕೈಯಿಟ್ಟಳು.

"ದೀದಿ ಕಹಾಂ ಜಾ ರಹೀ ಹೈಂ, ಸಾಬ್?" ದೀದಿ ಎಲ್ಲಿಗೆ ಹೊರಟರು ಎಂದು ಕೇಳಿದಳು.

ಮಾಲೀಕರು ಗಂಟಲು ಸರಿಮಾಡಿಕೊಂಡು, ದೀದಿಗೆ ಹಿಂದಿ ಅರ್ಥವಾಗುವುದಿಲ್ಲವಲ್ಲ ಎಂದರು.

"ಅರೇ, ಸುನ್‌ನಾ ಹಮ್ ಸಿಖಾ ದೇಂಗೇ!" ಕೇಳಿಸಿಕೊಳ್ಳುವುದನ್ನು ನಾವು ಕಲಿಸುತ್ತೇವೆ ಎಂದು ಅವಳು ಪಕ್ಕದವಳ ಹೆಗಲು ತಟ್ಟಿದಳು. "ನಾವಿಬ್ಬರೂ ಅದೇ ಮೆಟ್ರೊದಲ್ಲಿ ದೀದಿಯ ನಿಲ್ದಾಣದ ಪಕ್ಕದ ಮುನಿರ್ಕಾವರೆಗೆ ಹೋಗುವವರು. ದಾರಿಯುದ್ದಕ್ಕೂ ಬಾಯಿ ಮುಚ್ಚುವುದಿಲ್ಲ. ಸಾಬ್, ನಮಗೆ ಇಲ್ಲಿ ಕೃಪಯಾ ಅನ್ನುವವರು ಇವರೊಬ್ಬರೇ. ಇವರನ್ನು ಕಳಿಸಿ ಮತ್ತೆ ಬೈಯುವವನನ್ನು ತರ್ತೀರಾ?"

ಮಾಲೀಕರು ಚಾವಣಿ ನೋಡಿದರು, ನನ್ನನ್ನು ನೋಡಿದರು, ಕಾಲರುಗಳ ರಾಶಿಯನ್ನು ನೋಡಿದರು.

"ಒಂದು ತಿಂಗಳು," ಎಂದರು.

ಅಕ್ಕನಿಗೆ ಮಾತು ತಿಳಿಯಲಿಲ್ಲ. "ಏನಂತೋ?" ಎಂದು ನನ್ನನ್ನು ಕೇಳಿದಳು. ಟೇಪು ಇನ್ನೂ ಅರ್ಧ ಸುತ್ತಿ ಕೈಯಲ್ಲೇ ಇತ್ತು. ಹೇಳಿದೆ. ಅವಳು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಸೂಜಿ ಮುರಿದವಳ ಪಕ್ಕಕ್ಕೆ ಹೋಗಿ, ಅವಳ ಯಂತ್ರದ ಕಡೆ ಬಗ್ಗಿ ಮುರಿದ ಸೂಜಿಗೆ ಬೆರಳು ತೋರಿಸಿದಳು. ಆ ಹೆಂಗಸು "ಸೂಯೀ," ಎಂದಳು. ಅಕ್ಕ "ಸೂಯೀ," ಎಂದಳು.

ನಾನು ಇನ್ನೂ ನಿಂತೇ ಇರುವುದನ್ನು ಕಂಡು ತಲೆಯೆತ್ತಿದಳು.

"ನೀನು ಹೊರಡೋ. ಸಂಜೆ ಕಾಯಬೇಡ, ನಾನು ಇವರ ಜೊತೆ ಬರ್ತೀನಿ."